ಅವ್ವಾ, ಮೊದಲು ನೀನು

ಇಗೋ, ಮತ್ತೆ ಕರೆದಳು. ಒಂದು ರೊಟ್ಟಿ ತಟ್ಟಿ ಮುಗಿಸುವಷ್ಟು ಹೊತ್ತು ಕೂಡ ಈ ಮನೆಯಲ್ಲಿ ನನ್ನದು ಅಂತ ಇಲ್ಲ. ಕೈ ಹಿಟ್ಟಿನಲ್ಲಿದೆ, ಹೆಂಚು ಕಾದು ಹೊಗೆಯಾಡುತ್ತಿದೆ, ತೊಟ್ಟಿಲಲ್ಲಿ ಕೂಸು ಕಣ್ಣು ಬಿಟ್ಟುಕೊಂಡು ಚೀರುತ್ತಿದೆ. ಅಷ್ಟರಲ್ಲಿ ಕೆಳಗೋಡೆಯ ಕಿಂಡಿಯಿಂದ ದೊಡ್ಡ ಮಗಳ ಕೂಗು.

"ಅವ್ವಾ, ಮೊದಲು ನೀನು! ಮಣ್ಣಿನ ಪಾಯಸ ಮಾಡ್ತಿದೀನಿ!"

"ಆಯ್ತು" ಅಂದೆ, ತಲೆ ಎತ್ತದೆ.

"ಇಷ್ಟು ಬೇಗನಾ?"

"ಆಯ್ತು ಅಂದ್ನಲ್ಲೇ. ಮಾಡ್ಕೊ ಹೋಗು."

ಆಟದ ಪಾಯಸಕ್ಕೆಲ್ಲ ಯಾರು ಮೇಲಕ್ಕೆ ಕರೆಯುತ್ತಾರೆ? ನಿಜವಾದ ಅಡುಗೆಗೆ ಕರೆದು ಕರೆದೇ ಗಂಟಲು ಹೋಗಿರುತ್ತದೆ.

ನಮ್ಮ ಊರು ಗುಡ್ಡದ ಇಳಿಜಾರಿನಲ್ಲಿದೆ. ಅವ್ವನ ಮನೆಯ ಕೆಳಗೆ ಮಗಳ ಮನೆ, ಮಗಳ ಮನೆಯ ಕೆಳಗೆ ಮೊಮ್ಮಗಳ ಮನೆ. ಮಗಳ ಚಾವಣಿ ಇರುವ ಎತ್ತರಕ್ಕೆ ಅವ್ವನ ಅಂಗಳ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಬಾಯಿ ಇಡುವಷ್ಟು ಅಗಲದ ಒಂದು ಕಿಂಡಿ. ಈ ಊರಲ್ಲಿ ಯಾರೂ ಯಾವ ಕೆಲಸವನ್ನೂ ತಾನೇ ಶುರು ಮಾಡುವ ಹಾಗಿಲ್ಲ. ಒಲೆ ಹೊತ್ತಿಸಬೇಕು ಅಂದರೆ ಕಿಂಡಿಗೆ ಬಾಯಿಟ್ಟು ಕೆಲಸ ಹೇಳಬೇಕು, ಆಮೇಲೆ "ಅವ್ವಾ, ಮೊದಲು ನೀನು" ಅನ್ನಬೇಕು. ಅವ್ವ ತನ್ನ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ತನ್ನ ಮೇಲಿನ ಕಿಂಡಿಗೆ ಹೋಗಿ "ಅವ್ವಾ, ಮೊದಲು ನೀನು" ಅನ್ನುತ್ತಾಳೆ. ಆ ಅವ್ವ ಅವಳ ಅವ್ವನಿಗೆ. ಹೀಗೆ ಕೂಗು ಮನೆ ಮನೆ ಹತ್ತಿ ಮಂಜಿನೊಳಕ್ಕೆ ಹೋಗುತ್ತದೆ. ಅಲ್ಲಿ ತುದಿಯ ಮನೆಯಲ್ಲಿ ಮೊದಲಾಕೆ ಇದ್ದಾಳೆ. ಅವಳಿಗೆ ಕರೆಯಲು ಯಾರೂ ಇಲ್ಲ. ಅವಳು ಕೆಲಸಕ್ಕೆ ಮೊದಲ ಕೈ ಹಾಕಿ "ಆಯ್ತು" ಅನ್ನುತ್ತಾಳೆ. ಆ "ಆಯ್ತು" ಇಳಿಯುತ್ತಾ ಬರುತ್ತದೆ, ಪ್ರತಿ ಮನೆಯಾಕೆಯೂ ತನ್ನ ಪಾಲು ಸೇರಿಸಿ ಕೆಳಕ್ಕೆ "ಆಯ್ತು" ಅನ್ನುತ್ತಾಳೆ. ನನ್ನ ರೊಟ್ಟಿಯಲ್ಲಿರುವ ಬೆಂಕಿ ಮೊದಲಾಕೆಯದು, ಉಪ್ಪು ಅಜ್ಜಿಯದು, ಎಳ್ಳು ಅವ್ವನದು. ನನ್ನದು ಖಾರ. ಖಾರ ಜಾಸ್ತಿಯಾಯಿತು ಅಂತ ಯಾರಾದರೂ ಅಂದರೆ ಅವರು ಮೇಲಿನವರನ್ನು ದೂರುವ ಹಾಗಿಲ್ಲ, ನನ್ನ ಮುಖಕ್ಕೇ ಹೇಳಬೇಕು. ಇದುವರೆಗೆ ಯಾರೂ ಹೇಳಿಲ್ಲ.

ಗಂಡಸರ ಕೂಗು ಗುಡ್ಡದ ಆ ಮಗ್ಗುಲಲ್ಲಿ. ಅವರು ಅಪ್ಪಂದಿರನ್ನು ಕರೆಯುತ್ತಾರೆ. ಅವರ ಕಡೆ "ಆಯ್ತು" ಇಳಿದು ಬರುವಷ್ಟರಲ್ಲಿ ಊಟದ ಹೊತ್ತಾಗುತ್ತದೆ, ಅದಕ್ಕೇ ಬೆಳಗ್ಗೆ ಕೆಲಸ ಆಗುವುದಿಲ್ಲ ಅಂತ ನನ್ನ ಗಂಡ ಹೇಳುತ್ತಾನೆ. ಇರಲಿ.

ಇನ್ನೂ ಕೆಲವು ಕಟ್ಟುಪಾಡುಗಳಿವೆ. ಕೂಗು ಹತ್ತಬೇಕು, ಕಾಲು ಹತ್ತಬಾರದು. ಗಂಡನ ಜೊತೆ ಕೆಳಗಿನ ಮನೆಗೆ ಇಳಿದವಳು ಮತ್ತೆ ಅವ್ವನ ಮುಖ ನೋಡುವುದಿಲ್ಲ, ದನಿ ಮಾತ್ರ ಕೇಳುತ್ತಾಳೆ. ಕರೆಯುವುದು ನಿನ್ನ ಅವ್ವನನ್ನು ಮಾತ್ರ. ಅವಳ ತಲೆ ದಾಟಿ ಅಜ್ಜಿಯನ್ನು ಕರೆಯುವ ಹಾಗಿಲ್ಲ. ಮತ್ತೆ, ಮೇಲಿನವಳು ಎಂದೂ ಕೆಳಕ್ಕೆ ಕರೆಯುವ ಹಾಗಿಲ್ಲ. ಕರೆದರೆ ಓಗೊಡಬೇಕು, ಅಷ್ಟೇ. ಅದಕ್ಕೇ ನನ್ನ ಅಜ್ಜಿಯ ದನಿ ಹೇಗಿದೆ ಅಂತ ನನಗೆ ಗೊತ್ತಿರಲಿಲ್ಲ. ಅಜ್ಜಿ ಅಂದರೆ ನನಗೆ ಅವ್ವನ "ಆಯ್ತು" ಬರುವುದಕ್ಕೆ ಹಿಡಿಯುವ ಹೊತ್ತು.

ಕೂಸು ಹುಟ್ಟಿದಾಗಲೂ ಇದೇ ಕ್ರಮ. ಹಸಿ ಮೈಯ ಕೂಸನ್ನು ಕಿಂಡಿಯ ಮುಂದೆ ಹಿಡಿದು ಕರೆಯಬೇಕು. ಮೊದಲಾಕೆ ನಿದ್ದೆ ಕೊಡುತ್ತಾಳೆ. ನಡುವಿನವರು ಏನೇನು ಕೊಡುತ್ತಾರೋ ಅವರವರಿಗೇ ಗೊತ್ತು. ಅಜ್ಜಿ ನಗು ಕೊಡುತ್ತಾಳೆ, ಅವ್ವ ಹಸಿವು ಕೊಡುತ್ತಾಳೆ. ಕೊನೆಗೆ ನಾನು ಹಠ ಕೊಡುತ್ತೇನೆ. ದೊಡ್ಡ ಮಗಳಿಗೆ ಎಲ್ಲವೂ ಸಿಕ್ಕಿತ್ತು, ಹಠ ಒಂದು ಹಿಡಿ ಹೆಚ್ಚೇ ಸಿಕ್ಕಿತ್ತು. ಈ ಎರಡನೆಯದು ಹುಟ್ಟಿದಾಗಲೂ ಹಿಡಿದೆ, ಕರೆದೆ, "ಆಯ್ತು" ಬಂತು. ಆದರೆ ಕೂಸು ಹುಟ್ಟಿದಾಗಿನಿಂದ ರೆಪ್ಪೆ ಮುಚ್ಚಿಲ್ಲ.

ತೂಗಿದೆ, ಹಾಡಿದೆ, ಬೈದೆ. ಹಾಲು ಕುಡಿಯುತ್ತಿತ್ತು, ಎರಡು ಕೂಸು ಕುಡಿಯುವಷ್ಟು ಕುಡಿಯುತ್ತಿತ್ತು, ಆದರೆ ಒಂದು ಹನಿಯೂ ಮೈಗೆ ಹತ್ತುತ್ತಿರಲಿಲ್ಲ. ನಿದ್ದೆಯಿಲ್ಲದ ಮೈಗೆ ಏನು ಹತ್ತುತ್ತದೆ? ನೀರಲ್ಲಿ ಮರೆತು ಬಿಟ್ಟ ಬೆಲ್ಲದ ಅಚ್ಚಿನ ಹಾಗೆ ಕೂಸು ಅಂಚಿನಿಂದ ಸವೆಯುತ್ತಿತ್ತು. ನಿನ್ನೆ ಇದ್ದ ಕೆನ್ನೆ ಇವತ್ತು ಇರುತ್ತಿರಲಿಲ್ಲ.

ಪಕ್ಕದ ಸಾಲಿನ ಮನೆಯಾಕೆ ಸಗಣಿ ಕೇಳುವ ನೆಪದಲ್ಲಿ ಬಂದಳು. ತೊಟ್ಟಿಲೊಳಗೆ ಬಗ್ಗಿ ನೋಡಿದಳು, ಮೂಗಿನ ಮೇಲೆ ಬೆರಳಿಟ್ಟಳು.

"ನಗುತ್ತಾ?" ಅಂದಳು.

"ಇಂಥ ಹೊತ್ತಲ್ಲಿ ಯಾರಿಗೆ ನಗು ಬರುತ್ತೆ ತಾಯಿ?"

"ನಾನು ಕೂಸಿಂದು ಕೇಳಿದ್ದು ಕಣೇ."

"ಇಲ್ಲ. ಇನ್ನೂ ಚಿಕ್ಕದಲ್ವಾ."

"ನನ್ನ ಮಕ್ಕಳು ಹುಟ್ಟಿ ಕಣ್ಣು ಬಿಡೋ ಮುಂಚೇನೇ ನಕ್ಕಿದ್ದವು." ಅವಳ ಮಕ್ಕಳು ಎಲ್ಲದರಲ್ಲೂ ಮುಂದೆ. "ನಿದ್ದೆ ಒಂದೇ ಬರದಿದ್ರೆ ತುದೀಲಿ ಏನೋ ಆಗಿದೆ ಅನ್ನಬಹುದಿತ್ತು. ನಗುವೂ ಇಲ್ಲ ಅಂದ್ರೆ ಅಷ್ಟು ದೂರ ಹೋಗೋದು ಬೇಡ. ಹತ್ತಿರದಲ್ಲೇ ಯಾರೋ ಕೂಗು ನುಂಗಿದ್ದಾರೆ."

"ಯಾರು?"

"ಅದು ನಾನು ಯಾಕೆ ಹೇಳ್ಲಿ? ನಿನ್ನ ಮೇಲೆ ಇರೋರು ಯಾರು ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು." ಸಗಣಿ ತೆಗೆದುಕೊಳ್ಳದೆಯೇ ಹೋದಳು.

ಅವಳು ಹೋದ ಮೇಲೆ ಗೋಡೆಯನ್ನು ನೋಡುತ್ತಾ ಕೂತೆ. ನಾನು ಯಾರನ್ನಾದರೂ ಅನುಮಾನಿಸಬಲ್ಲೆ. ಮಂಜಿನಲ್ಲಿರುವ ಮೊದಲಾಕೆಯನ್ನು ಅನುಮಾನಿಸಬಲ್ಲೆ, ಅವಳು ಇದ್ದಾಳೋ ಇಲ್ಲವೋ ಅಂತಲೂ ಕೇಳಬಲ್ಲೆ. ದನಿ ಕೇಳದ ಅಜ್ಜಿಯನ್ನಂತೂ ಸುಲಭವಾಗಿ ಅನುಮಾನಿಸಬಲ್ಲೆ. ಅವ್ವನ ಮೇಲೆ ಅನುಮಾನಪಡುವುದು ನನ್ನ ಕೈಯಲ್ಲೇ ನಾನು ಚಿವುಟಿಕೊಂಡ ಹಾಗೆ. ಆದರೂ ಚಿವುಟಿಕೊಂಡೆ.

ಮಾರನೆಯ ಬೆಳಗ್ಗೆ ಕಿಂಡಿಗೆ ಬಾಯಿಟ್ಟೆ. "ಅವ್ವಾ, ಚೀಲಗಟ್ಟಲೆ ರಾಗಿ ಬೀಸಬೇಕು. ಮೊದಲು ನೀನು."

ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ "ಆಯ್ತು" ಬಂತು.

ಮೊದಲೆಲ್ಲ ಬೀಸುವ ಕೆಲಸಕ್ಕೆ "ಆಯ್ತು" ಬರುವಷ್ಟರಲ್ಲಿ ಒಂದು ಸಾರು ಕುದಿದು ಆರುತ್ತಿತ್ತು. ಮನೆ ಮನೆಯಲ್ಲೂ ಕಲ್ಲು ತಿರುಗಬೇಕಲ್ಲ. ನಾನು ಸುಮ್ಮನಾಗಲಿಲ್ಲ. ಮತ್ತೆ ಬಾಯಿಟ್ಟೆ. ಈ ಸಲ ಕೆಲಸದ ಹೆಸರೇ ಹೇಳಲಿಲ್ಲ.

"ಅವ್ವಾ, ಮೊದಲು ನೀನು."

ಏನು ಕೆಲಸ ಅಂತ ಅವಳು ಕೇಳಬೇಕಿತ್ತು. ಕೇಳುತ್ತಾಳೆ ಅಂತ ಕಾದೆ. ಕೇಳಲಿ ಅಂತ ಬೇಡಿಕೊಂಡೆ.

"ಆಯ್ತು" ಅಂದಳು ಅವ್ವ.

ಏನು ಆಯ್ತು? ನಾನು ಹೇಳದೇ ಇದ್ದ ಯಾವ ಕೆಲಸಕ್ಕೆ ಮೊದಲಾಕೆ ಕೈ ಹಾಕಿದಳು? ಹೇಳದೇ ಇದ್ದ ಯಾವ ಅಡುಗೆಗೆ ಅಜ್ಜಿ ಉಪ್ಪು ಹಾಕಿದಳು?

ಒಲೆಗೆ ನೀರು ಸುರಿದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ದೊಡ್ಡ ಮಗಳು ನಮ್ಮ ಗೋಡೆಯ ಬುಡದಲ್ಲಿ ತನ್ನ ಆಟದ ಮನೆಯ ಮುಂದೆ ಕೂತಿದ್ದಳು. ಕಲ್ಲು ಜೋಡಿಸಿ ಅವಳೇ ಕಟ್ಟಿದ ಮನೆ, ನಮ್ಮ ಗೋಡೆಯಿಂದ ಒಂದು ಕಲ್ಲು ಕಿತ್ತು ಅವಳೇ ಮಾಡಿಕೊಂಡ ಕಿಂಡಿ.

"ಎಲ್ಲಿಗವ್ವಾ?"

"ಮೇಲಕ್ಕೆ."

ಅವಳ ಬಾಯಿ ತೆರೆದುಕೊಂಡಿತು. "ಕಾಲಲ್ಲಾ?"

"ಇನ್ನೇನು ತಲೇಲಿ ಹೋಗ್ಲಾ? ಒಳಗೆ ಯಾರೂ ಇಲ್ಲ. ನಾನು ಬರೋವರೆಗೂ ಕರೀಬೇಡ. ಏನೂ ಶುರು ಮಾಡಬೇಡ."

ಗೋಡೆಯ ಕಲ್ಲಿನ ಸಂದಿಗೆ ಕಾಲಿಟ್ಟು ಹತ್ತಿದೆ. ಬೆನ್ನ ಮೇಲೆ ಕೂಸು ಚೀರುತ್ತಲೇ ಇತ್ತು. ಅಕ್ಕಪಕ್ಕದ ಸಾಲುಗಳಲ್ಲಿ ಕೂಗುಗಳು ಒಂದೊಂದಾಗಿ ನಿಂತವು. ಹೆಂಗಸರು ಕಿಂಡಿ ಬಿಟ್ಟು ಹೊಸ್ತಿಲಿಗೆ ಬಂದು ನೋಡಿದರು. ನೋಡಲಿ. ಅವ್ವನ ಅಂಗಳಕ್ಕೆ ಕೈಯೂರಿ, ಮಂಡಿ ತರಚಿಕೊಂಡು, ಮೇಲೆ ಬಂದು ನಿಂತೆ.

ಅವ್ವ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಇಳಿದು ಹೋದಾಗ ಕಪ್ಪಗಿದ್ದ ಕೂದಲು ಬೆಳ್ಳಗಾಗಿತ್ತು. ಮುಖ ನೋಡಿ ನನಗೆ ಬೈಗುಳವೆಲ್ಲ ಮರೆತುಹೋಯಿತು. ಅವಳು ಮಾತ್ರ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಬಂದ್ಯಾ? ಬರ್ತೀಯ ಅಂತ ಗೊತ್ತಿತ್ತು. ಕೆಲಸದ ಹೆಸರು ಹೇಳದೆ ಕರೆದಾಗಲೇ ಗೊತ್ತಾಯ್ತು."

"ಗೊತ್ತಾಗಿಯೂ ಆಯ್ತು ಅಂದ್ಯಾ?"

"ಬಾಯಿಗೆ ರೂಢಿಯಾಗಿದೆ. ನಿಲ್ಲಿಸೋಕೆ ಆಗಲಿಲ್ಲ."

"ಮೇಲಿನ ಕಿಂಡಿ ಎಲ್ಲಿ?"

ಮೇಲುಗೋಡೆ ಉದ್ದಕ್ಕೂ ಸುಣ್ಣ ಬಳಿದು ನುಣ್ಣಗಿತ್ತು. ಅದರ ನಡುವೆ ಒಂದು ಮೊರ ನೇತುಹಾಕಿತ್ತು. ಮೊರ ಇಡಬೇಕಾದ ಜಾಗ ಅದಲ್ಲ. ಎತ್ತಿ ನೋಡಿದೆ. ಹಿಂದೆ ದುಂಡಗೆ ಮಣ್ಣು ಮೆತ್ತಿತ್ತು. ಮಣ್ಣಿನ ಮೇಲೆ ಒಂದು ಅಂಗೈ ಗುರುತು ಒಣಗಿ ಬಿರಿದಿತ್ತು. ಅದು ಯಾರ ಅಂಗೈ ಅಂತ ಕೇಳುವ ಅಗತ್ಯ ಇರಲಿಲ್ಲ. ಆ ಕೈಯಿಂದ ನಾನು ಊಟ ಮಾಡಿದ್ದೇನೆ, ಏಟೂ ತಿಂದಿದ್ದೇನೆ.

"ಯಾಕವ್ವಾ?"

"ಒಂದು ದಿನ ಕರೆದೆ. ಉತ್ತರ ಬರಲಿಲ್ಲ." ಅವರೆಕಾಳು ಅವಳ ಬೆರಳಿಂದ ಜಾರಿ ಬಟ್ಟಲಿಗೆ ಬಿತ್ತು. "ಮತ್ತೆ ಕರೆದೆ. ಉತ್ತರ ಬರಲಿಲ್ಲ. ಕೆಳಗಿನಿಂದ ನೀನು ಗೋಡೆ ಬಡೀತಿದ್ದೆ. 'ಆಯ್ತಾ ಅವ್ವಾ, ಆಯ್ತಾ ಅವ್ವಾ, ಹಿಟ್ಟು ಒಣಗ್ತಿದೆ' ಅಂತ. ನಿನಗೆ ಯಾವಾಗ ತಾಳ್ಮೆ ಇತ್ತು? ನಾನು ಆಯ್ತು ಅಂದುಬಿಟ್ಟೆ. ನಿನ್ನ ರೊಟ್ಟಿ ಉಬ್ಬಿತು."

"ಉಬ್ಬಿತು ಅಂತ ಬಿಟ್ಟುಬಿಟ್ಯಾ?"

"ಮಾರನೆ ದಿನಾನೂ ಉಬ್ಬಿತು. ಸಾರೂ ಕುದೀತು. ಅವ್ವ ಹೇಗೆ ಮಾಡ್ತಾಳೆ ಅಂತ ಅಷ್ಟು ದಿನ ಕೇಳಿಸಿಕೊಂಡಿದ್ದೆನಲ್ಲ, ಅವಳ ಪಾಲಿನ ಉಪ್ಪೂ ನಾನೇ ಹಾಕಿದೆ. ಯಾರಿಗೂ ತಿಳೀಲಿಲ್ಲ. ಕಿಂಡಿ ತೆರೆದಿದ್ರೆ ಅದರಿಂದ ಸುಮ್ಮನಿರೋದು ಒಳಗೆ ಬರ್ತಿತ್ತು ಕಣೇ. ಗಾಳಿ ಬಂದ ಹಾಗೆ. ತಡೆಯೋಕಾಗದೆ ಮೆತ್ತಿದೆ."

"ಈ ಕೂಸು ಬಂದಾಗ?"

ಅವ್ವ ಆಗ ಮೊದಲ ಸಲ ಕೆಲಸ ನಿಲ್ಲಿಸಿದಳು.

"ಈ ಕೂಸು ಬಂದಾಗ ನನ್ನ ಹತ್ತಿರ ಹಸಿವು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ಎರಡು ಸಲ ಕೊಟ್ಟೆ."

ಒನಕೆ ಗೋಡೆಗೆ ಒರಗಿತ್ತು. ಎತ್ತಿಕೊಂಡು ಅಂಗೈ ಗುರುತಿನ ನಡುವಿಗೇ ಹೊಡೆದೆ. ಮಣ್ಣು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅದರ ಹಿಂದೆ ಕಪ್ಪು. ಬಾಯಿಟ್ಟು, ಇದ್ದ ಗಂಟಲೆಲ್ಲ ಬಳಸಿ ಕರೆದೆ.

"ಅಜ್ಜೀ! ಮೊದಲು ನೀನು!"

ಕೂಗು ಒಳಗೆ ಹೋಯಿತು, ಎಲ್ಲೂ ಬೀಳಲಿಲ್ಲ. ಮತ್ತೆ ಕರೆದೆ. ನನ್ನ ದನಿ ನನ್ನ ಬಾಯಿಯ ಮುಂದೆಯೇ ಸತ್ತುಹೋಯಿತು.

"ನಿನ್ನದು ಹೋಗಲ್ಲ" ಅಂದಳು ಅವ್ವ. "ನನ್ನ ತಲೆ ದಾಟಿದ ಕೂಗಿಗೆ ಅಲ್ಲಿ ಕಿವಿ ಇಲ್ಲ."

"ಹಾಗಾದ್ರೆ ನೀನು ಕರಿ."

"ಮತ್ತೆ ಸುಮ್ಮನಿದ್ದರೆ?"

"ಈಗೇನು ಮಾತಾಡ್ತಿದಾರಾ? ಮೊರದ ಹಿಂದೆ ಇಟ್ಟುಕೊಂಡ್ರೆ ಸುಮ್ಮನಿರೋದು ಕಡಿಮೆಯಾಗುತ್ತಾ?"

"ನಾನೂ ಒಬ್ಬ ಅವ್ವನ ಮಗಳೇ ಕಣೇ. ಅವಳು ಇಲ್ಲ ಅಂತ ಗೊತ್ತಾಗೋದಕ್ಕಿಂತ ಗೊತ್ತಿಲ್ಲದೆ ಇರೋದೇ ವಾಸಿ ಅನ್ನಿಸಿತು."

ಬೆನ್ನಿನ ಗಂಟು ಬಿಚ್ಚಿ ಕೂಸನ್ನು ಅವಳ ಮಡಿಲಿಗೆ ಇಟ್ಟೆ. ಅದು ಎಷ್ಟು ಹಗುರಾಗಿತ್ತೆಂದರೆ ಅವ್ವ ಅದರ ಕೆಳಗೆ ಕೈಯಿಟ್ಟು ನೋಡಿದಳು, ಬಟ್ಟೆ ಮಾತ್ರ ಇದೆಯೋ ಏನೋ ಅಂತ. ಕೂಸು ಅಳು ನಿಲ್ಲಿಸಿ, ರೆಪ್ಪೆ ಬಡಿಯದೆ, ಅವಳ ಮುಖವನ್ನೇ ನೋಡಿತು.

ಅವ್ವ ಕೂಸನ್ನು ಒಂದು ತೋಳಿಗೆ ಎತ್ತಿಕೊಂಡು ಎದ್ದಳು. ಕಿಂಡಿಯ ಅಂಚಿನ ಮಣ್ಣನ್ನು ಬೆರಳಿಂದ ಒರೆಸಿದಳು. ಆಮೇಲೆ ಅವಳಿಂದ ಒಂದು ದನಿ ಬಂತು. ಅಂಥ ದನಿಯನ್ನು ನಾನು ಅವಳ ಬಾಯಲ್ಲಿ ಎಂದೂ ಕೇಳಿರಲಿಲ್ಲ. ನನ್ನ ದೊಡ್ಡ ಮಗಳ ದನಿಯಷ್ಟು ಚಿಕ್ಕದು.

"ಅವ್ವಾ. ಕೂಸು ಬಂದಿದೆ. ಮೊದಲು ನೀನು."

ಏನೂ ಇಲ್ಲ. ಬಟ್ಟಲಿನ ಅವರೆಕಾಳಿನ ಮೇಲೆ ನೊಣ ಕೂತು ಎದ್ದಿತು. ಅವ್ವನ ಕೈ ಹಿಂದಕ್ಕೆ ಬಂದು ನನ್ನ ಮಣಿಕಟ್ಟು ಹಿಡಿಯಿತು.

ಆಗ ಆ ಕಪ್ಪಿನೊಳಗಿಂದ ಯಾರೋ ಎದ್ದು ಬರುವಾಗ ಮಂಡಿ ಲಟಕ್ ಅಂದದ್ದು ಕೇಳಿಸಿತು.

"ಯಾರೇ ಅದು?"

"ನಾನು ಕಣವ್ವಾ."

"ನಾನು ನಾನು ಅನ್ನೋರಿಗೇನು ಬರವಾ? ಇಷ್ಟು ದಿನ ಏನು ಕಡಿದು ಕಟ್ಟೆ ಹಾಕ್ತಿದ್ದೆ?"

"ಆವತ್ತು ನೀನೇ ತಾನೇ ಮಾತಾಡಲಿಲ್ಲ!" ಅವ್ವ ಅತ್ತುಬಿಟ್ಟಳು.

"ಬಾಯಿ ತುಂಬ ಎಲೆಅಡಿಕೆ ಇತ್ತು. ಉಗಿದು ಬರೋಷ್ಟರಲ್ಲಿ ನೀನು ಕಿಂಡಿ ಬಿಟ್ಟು ಹೋಗಿದ್ದೆ. ಆಮೇಲೆ ಕೂಗೇ ಇಲ್ಲ. ನಾನು ಕೆಳಕ್ಕೆ ಕರೆಯೋ ಹಾಗಿದೆಯಾ? ಕೈ ತೊಳೆದುಕೊಂಡು ಕೂತಿದ್ದೆ. ಕೈ ಒಣಗಿದ ಮೇಲೆ ಮತ್ತೆ ತೊಳೆದುಕೊಂಡು ಕೂತೆ. ಎಲೆಅಡಿಕೆ ಬಿಟ್ಟೆ. ಮಗಳು ತನ್ನ ಕೆಲಸ ತಾನೇ ಮಾಡೋದು ಕಲಿತಳು, ನಾನು ಬೇಡವಾದೆ ಅಂದುಕೊಂಡೆ."

ನಾನು ಮಾತ್ರ ಬೇರೇನನ್ನೋ ಕೇಳುತ್ತಿದ್ದೆ. ಅಜ್ಜಿಯ ದನಿ ನನ್ನದೇ ಆಗಿತ್ತು. ಅದೇ ಮೊಂಡು, ಅದೇ ಖಾರ, ಮಾತಿನ ಕೊನೆಯಲ್ಲಿ ಅದೇ ಎಳೆತ. ಕಿಂಡಿಗೆ ಕಣ್ಣಿಟ್ಟು ನೋಡಿದೆ. ಕಪ್ಪು ಬಿಟ್ಟರೆ ಏನೂ ಕಾಣಲಿಲ್ಲ. ಇದು ಅಜ್ಜಿಯೇ ಹೌದೋ, ಅಥವಾ ನಾನು ಈಗಷ್ಟೇ ಒಳಕ್ಕೆ ಕಳಿಸಿದ ದನಿ ಮುದಿಯಾಗಿ ವಾಪಸು ಬರುತ್ತಿದೆಯೋ?

"ಕೂಸು ಅಂದ್ಯಲ್ಲ" ಅಂದಿತು ಆ ದನಿ. "ಹಿಡಿದಿರು. ಮೇಲೆ ಕರೀತೀನಿ."

ಹಿಡಿದುಕೊಂಡು ನಿಂತೆವು. ಅಜ್ಜಿ ಮೇಲೆ ಕರೆದದ್ದು ನನಗೆ ಕೇಳಿಸಲಿಲ್ಲ, ಕೇಳಿಸುವ ಹಾಗೂ ಇಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ಬಟ್ಟಲನ್ನು ಮುಟ್ಟಿತು, ಬಟ್ಟಲನ್ನು ದಾಟಿತು. ನಾನು "ಆಯ್ತಾ" ಅಂತ ಕೇಳಲು ಬಾಯಿ ತೆರೆದೆ, ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಅವರೆಕಾಯಿಯ ಸೊಗಡಿತ್ತು ಆ ಕೈಗೆ.

ಕೂಸು ಒಂದು ಸಲ ಆಕಳಿಸಿತು. ಅದು ಆಕಳಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ರೆಪ್ಪೆ ಇಳಿಯಿತು, ಅರ್ಧಕ್ಕೆ ನಿಂತಿತು, ಮತ್ತೆ ಇಳಿಯಿತು. ಮುಚ್ಚಿತು. ಅವ್ವನ ತೋಳಿನಲ್ಲಿ ಅದರ ತೂಕ ಹೆಚ್ಚಾದದ್ದು ನನಗೆ ನಿಂತಲ್ಲೇ ಗೊತ್ತಾಯಿತು, ಯಾಕೆಂದರೆ ಅವ್ವನ ಮೊಣಕೈ ಕೆಳಕ್ಕೆ ಜಗ್ಗಿತು. ಸ್ವಲ್ಪ ಹೊತ್ತಿಗೆ ಆ ನಿದ್ದೆಯಲ್ಲೇ ಕೂಸಿನ ತುಟಿ ಒಂದು ಬದಿಗೆ ಎಳೆದುಕೊಂಡಿತು. ನಕ್ಕಿತು.

"ಆಯ್ತು" ಅಂದಳು ಅಜ್ಜಿ ಮೇಲಿನಿಂದ.

"ನಿನ್ನ ಪಾಲು ಹಾಕವ್ವಾ" ಅಂದೆ.

"ನನ್ನದು ಬೇಡ, ಆಗಲೇ ಎರಡು ಸಲ ಹಾಕಿದೀನಿ" ಅಂತ ಅವ್ವ ಕಣ್ಣು ಒರೆಸಿಕೊಂಡಳು. ನನ್ನ ಹಠವಂತೂ ಅದಕ್ಕೆ ಮೊದಲೇ ಸಿಕ್ಕಿತ್ತು, ಅದಿಲ್ಲದಿದ್ದರೆ ಇಲ್ಲಿಯವರೆಗೆ ಬದುಕುತ್ತಿರಲಿಲ್ಲ.

ಹೊರಡುವಾಗ ಅವ್ವ ಮೊರವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಇದನ್ನ ಎಲ್ಲಿ ಹಾಕ್ಲಿ?"

"ಬೇರೆ ಮೊಳೆ ಹೊಡ್ಕೊ. ಇನ್ನು ನುಂಗಬೇಡ."

"ನೀನು ಇನ್ನು ಹತ್ತಬೇಡ." ನಾನು ಗೋಡೆಗೆ ಕಾಲು ಇಳಿಬಿಟ್ಟಾಗ ಬಗ್ಗಿ ನನ್ನ ತಲೆ ನೇವರಿಸಿದಳು. ಆಮೇಲೆ ಅವಳ ಮುಖ ಅಂಗಳದ ಅಂಚಿನ ಹಿಂದೆ ಹೋಯಿತು.

ಕೆಳಗೆ ಇಳಿದೆ. ಬೆನ್ನ ಮೇಲೆ ಕೂಸು ತುಂಬಿದ ಕೊಡದ ಹಾಗೆ ಭಾರವಾಗಿ, ಬಿಸಿಯಾಗಿ ಮಲಗಿತ್ತು. ಬಹಳ ದಿನದ ಮೇಲೆ ನನ್ನ ಕಿವಿಯಲ್ಲಿ ಅಳು ಇರಲಿಲ್ಲ. ದೊಡ್ಡ ಮಗಳು ಆಟದ ಮನೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಮುಂದೆ ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಪಾಯಸ. ಅದರ ಮೇಲೆ ದ್ರಾಕ್ಷಿಯ ಹಾಗೆ ಜೋಡಿಸಿದ ಸಣ್ಣ ಕಲ್ಲುಗಳು.

"ಏನೂ ಶುರು ಮಾಡಬೇಡ ಅಂದಿದ್ದೆ" ಅಂದೆ, ಕೂಸು ಏಳದ ಹಾಗೆ ಮೆಲ್ಲಗೆ.

"ನಾನು ಕರೆದೇ ಮಾಡಿದ್ದು."

"ಕರೆದ್ರೂ ಒಳಗೆ ಯಾರೂ ಇರಲಿಲ್ಲ."

"ಗೊತ್ತು. ನೀನು ಅಜ್ಜಿ ಅಂಗಳದಲ್ಲಿ ನಿಂತಿದ್ದು ಇಲ್ಲಿಂದಲೇ ಕಾಣ್ತಿತ್ತು. ಯಾರೂ ಇಲ್ಲದಿದ್ರೆ ಏನಾಗುತ್ತೆ ನೋಡೋಣ ಅಂತಾನೇ ಕರೆದೆ." ಇವಳಿಗೆ ಅನುಮಾನ ಯಾರು ಕೊಟ್ಟರೋ. "ಆಯ್ತು ಅಂತ ಬಂತು."

"ಮೇಲಿನ ಮನೆಯಿಂದ ಬಂದಿರಬೇಕು."

"ಇಲ್ಲವ್ವಾ, ನಮ್ಮನೆ ಒಳಗಿಂದ. ನಿನ್ನದೇ ದನಿ. ನಾನು ಇಷ್ಟು ಬೇಗನಾ ಅಂದೆ. 'ಆಯ್ತು ಅಂದ್ನಲ್ಲೇ, ಮಾಡ್ಕೊ ಹೋಗು' ಅಂತು."

ಸೆರಗಿನ ತುದಿ ಮುಟ್ಟಿ ನೋಡಿದೆ. ಕೀಲಿ ಗಂಟಿನಲ್ಲೇ ಇತ್ತು. ಬಾಗಿಲಿಗೆ ಹೋದೆ. ಬೀಗ ಹಾಕಿದ ಹಾಗೇ ಇತ್ತು, ಬಿಸಿಲಿಗೆ ಕಾದಿತ್ತು. ತೆಗೆದೆ. ಒಲೆ ತಣ್ಣಗಿತ್ತು, ನಾನು ಸುರಿದ ನೀರು ಬೂದಿಯಲ್ಲಿ ನಿಂತಿತ್ತು, ಹಿಟ್ಟು ಪರಾತದಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಒಳಗೆ ಯಾರೂ ಇರಲಿಲ್ಲ. ಮೂಲೆ ಮೂಲೆ ನೋಡಿದೆ, ಯಾರೂ ಇರಲಿಲ್ಲ.

ಮಗಳು ಹಿಂದೆಯೇ ಬಂದು ಹೊಸ್ತಿಲ ಮೇಲೆ ನಿಂತಿದ್ದಳು. ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

"ಅವ್ವಾ," ಅಂದಳು, "ಹಾಗಾದ್ರೆ ನೀನು ಒಳಗಿರೋವಾಗ ಆಯ್ತು ಅನ್ನೋದು ಯಾರು?"